ಹೆಡ್ಲಿ ಹಾಕಿದ ಗುಟುರು

ಅಕ್ಟೋಬರ್ ಬಂತೆಂದರೆ ನಮ್ಮೂರು ಲಿಡ್‌ಕೂಂಬಿನ ರಸ್ತೆಯಲ್ಲಿ ಕಾರು ತಿರುಗಿಸಲೂ ಜಾಗ ಸಿಗುವುದಿಲ್ಲ. ಎಕ್ಸ್‌ಮೂರ್ ಬೆಟ್ಟದ ಜಿಂಕೆಗಳಿಗೆ ಅದು ಬೆದೆಯ ಕಾಲ. ಕೊಂಬಿನ ಗಂಡುಗಳು ಹೆಣ್ಣುಗಳ ಹಿಂಡಿಗಾಗಿ ಕಾದಾಡುತ್ತವೆ, ಬೆಳಗ್ಗೆ ಸಂಜೆ ಗುಟುರು ಹಾಕುತ್ತವೆ. ಅದರ ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹೊಲದ ಗೇಟು ತೆರೆದಿಟ್ಟು ಹೋಗುತ್ತಾರೆ. ನಾವು ಪಬ್ಬಿನಲ್ಲಿ ಕೂತು ಅವರನ್ನು ಬಾಯಿತುಂಬ ಬೈಯುತ್ತೇವೆ. ಆದರೆ ನಾನೀಗ ಹೇಳುವ ಕಥೆ ಹೊರಗಿನವರದಲ್ಲ. ನಮ್ಮ ಪಕ್ಕದ ಮನೆಯ ಹೆಡ್ಲಿಯದು.

ಹೆಡ್ಲಿ ಬೇಲಿ ಕಟ್ಟುವ ಕೆಲಸ ಮಾಡುತ್ತಲೇ ಮುದುಕನಾದವನು. ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ, ಮುಸ್ಸಂಜೆ ಹೊತ್ತಿನಲ್ಲಿ, ಗುಡ್ಡದ ಮೇಲೆ ನಿಂತು ಜಿಂಕೆಯ ಹಾಗೆ ಗುಟುರು ಹಾಕುವ ಪಂದ್ಯ ನಡೆಯುತ್ತದೆ. ಕಣಿವೆಯ ಆಚೆಯಿಂದ ನಿಜವಾದ ಗಂಡು ಜಿಂಕೆ ಉತ್ತರ ಕೊಟ್ಟರೆ ಗೆದ್ದ ಹಾಗೆ. ಆ ಪಂದ್ಯದಲ್ಲಿ ಹೆಡ್ಲಿಯನ್ನು ಸೋಲಿಸಿದವರಿಲ್ಲ. ಅವನಿಗೆ ಅದರ ಜಂಬವೂ ಇತ್ತು, ಇರಲಿ ಬಿಡಿ, ಅಷ್ಟು ಚೆನ್ನಾಗಿ ಹಾಕುತ್ತಿದ್ದ.

ಅವನ ಹೆಂಡತಿ ಮೆರಿಯಲ್ ಆ ವರ್ಷ ಹಾಸಿಗೆ ಹಿಡಿದಿದ್ದಳು. ಎದ್ದು ಗೇಟಿನವರೆಗೆ ಹೋಗುವ ಶಕ್ತಿಯೂ ಇರಲಿಲ್ಲ. ಎದುರಿನ ಗುಡ್ಡದಲ್ಲಿ ಕಿವಿ ಹರಿದ ಒಂದು ಮುದಿ ಗಂಡು ಜಿಂಕೆ ಇತ್ತು. ಅದಕ್ಕೆ ಅವಳು 'ಯಜಮಾನ' ಎಂದು ಹೆಸರಿಟ್ಟಿದ್ದಳು. ಒಂದು ದಿನ ಅದರ ಗುಟುರು ಕೇಳುತ್ತಾ, "ಇನ್ನೊಂದು ಸಲ ಯಜಮಾನನ ಮುಖ ನೋಡ್ಬೇಕು ಅನ್ಸುತ್ತೆ ಕಣೋ" ಎಂದುಬಿಟ್ಟಳು. ಅಷ್ಟೇ. ಹೆಡ್ಲಿ ಮಗಳ ಹಳೆಯ ಕ್ಯಾಮೆರಾ ತಂದಿಟ್ಟುಕೊಂಡ.

ನಾನು ಗ್ವೆಂಡಾ. ಬೆಟ್ಟದ ಜಿಂಕೆ ಎಣಿಸುವ ತಂಡದಲ್ಲಿ ಇದ್ದೇನೆ. ಮೆರಿಯಲ್‌ಗೆ ಸೂಪು ಕೊಡಲು ಹೋದಾಗ ಹೆಡ್ಲಿ ಅಡುಗೆಮನೆಯಲ್ಲಿ ಆ ಕ್ಯಾಮೆರಾ ಒರೆಸುತ್ತಿದ್ದ.

"ಇದ್ರಲ್ಲಿ ದೂರದ್ದು ಬರೋದಿಲ್ಲ ಕಣೇ ಗ್ವೆಂಡಾ. ಅದಕ್ಕೇ ಯಜಮಾನನನ್ನೇ ಹತ್ತಿರ ಕರೀತೀನಿ" ಎಂದ.

"ಹೇಗೆ ಕರೀತೀಯ?"

"ಹೇಗೆ ಅಂದ್ರೆ? ಗುಟುರು ಹಾಕಿ! ನನ್ನ ಗಂಟಲು ಯಾವಾಗ ಕೈಕೊಟ್ಟಿದೆ?"

"ಬೇಡ ಹೆಡ್ಲಿ. ಪಂದ್ಯದಲ್ಲಾದ್ರೆ ನಿಮ್ಮಿಬ್ಬರ ಮಧ್ಯೆ ಕಣಿವೆ ಇರುತ್ತೆ. ಹತ್ತಿರದಿಂದ ಕೂಗಿದ್ರೆ ಅದು ಉತ್ತರ ಕೊಟ್ಟು ಸುಮ್ನಿರಲ್ಲ, ನುಗ್ಗಿ ಬರುತ್ತೆ. ತನ್ನ ಹಿಂಡು ಕಸಿಯೋಕೆ ಇನ್ನೊಂದು ಗಂಡು ಬಂದಿದೆ ಅಂದ್ಕೊಳ್ಳುತ್ತೆ."

"ಬರ್ಲಿ ಅಂತಲೇ ತಾನೇ ಕರೆಯೋದು?"

"ಅದು ಈ ತಿಂಗಳೆಲ್ಲ ಸರಿಯಾಗಿ ಮೇವು ಮುಟ್ಟಿಲ್ಲ. ಕಾದಾಡಿ ಕಾದಾಡಿ ಪಕ್ಕೆಲುಬು ಕಾಣ್ತಿದೆ. ಸಿಟ್ಟು ನೆತ್ತಿಗೇರಿರುತ್ತೆ. ಆಗ ಅದಕ್ಕೆ ಮನುಷ್ಯನೂ ಕಾಣಲ್ಲ, ರಸ್ತೆಯೂ ಕಾಣಲ್ಲ. ನಿನ್ನನ್ನೇ ತಿವಿದ್ರೆ ಮೆರಿಯಲ್‌ನ ನೋಡ್ಕೊಳ್ಳೋರು ಯಾರು? ನನ್ನ ಕಾರಲ್ಲಿ ಕೂತ್ಕೋ, ಮೇಲಿನ ರಸ್ತೆಯಲ್ಲಿ ನಿಲ್ಲಿಸ್ತೀನಿ. ಚಿಕ್ಕದಾಗಿ ಬಂದ್ರೂ ಪರವಾಗಿಲ್ಲ, ತೆಗಿ."

"ಈ ಬೆಟ್ಟದಲ್ಲೇ ಹುಟ್ಟಿದೋನಿಗೆ ನೀನು ಪಾಠ ಹೇಳ್ತೀಯಾ? ಚುಕ್ಕಿ ಥರ ಬಂದ ಫೋಟೋ ಇಟ್ಕೊಂಡು ಅವಳು ಏನು ನೋಡ್ತಾಳೆ?" ಹೆಡ್ಲಿ ಕ್ಯಾಮೆರಾ ಮೇಜಿನ ಮೇಲಿಟ್ಟ. "ಅವಳಿಗೆ ಮುಂದಿನ ಅಕ್ಟೋಬರ್ ಇದೆ ಅಂತ ನೀನು ಹೇಳು ನೋಡೋಣ."

ಸೂಪಿನ ಪಾತ್ರೆ ಅಲ್ಲೇ ಇಟ್ಟು ಮನೆಗೆ ಬಂದೆ.

ಮರುದಿನ ಬೆಳಗ್ಗೆ ಮಂಜು ಇನ್ನೂ ಕಣಿವೆಯಲ್ಲೇ ಇತ್ತು. ಕೋಳಿಗಳನ್ನು ಬಿಡುತ್ತಿದ್ದೆ, ಎರಡು ಗುಟುರು ಕೇಳಿಸಿತು. ಒಂದು ಗುಡ್ಡದಿಂದ. ಇನ್ನೊಂದು ರಸ್ತೆಯ ಈಚೆಯ ಹೊಲದಿಂದ. ಈಚೆಯದು ಹೆಡ್ಲಿಯದೆಂದು ನನಗೆ ತಕ್ಷಣ ಗೊತ್ತಾಯಿತು. ಪಾಪದ ಜಿಂಕೆಗೆ ಹೇಗೆ ಗೊತ್ತಾಗಬೇಕು? ಕೈಯಲ್ಲಿದ್ದ ಕಾಳು ಎಸೆದು ಓಡಿದೆ. ಗುಡ್ಡದ ಗುಟುರು ಹತ್ತಿರ ಹತ್ತಿರ ಬರುತ್ತಿತ್ತು. ಹೆಡ್ಲಿ ಮತ್ತೆ ಹಾಕಿದ. "ನಿಲ್ಸೋ! ಸಾಕು ನಿಲ್ಸೋ!" ಎಂದು ಕಿರುಚಿದೆ. ಅವನಿಗೆ ಕೇಳಿಸಲಿಲ್ಲ.

ಯಜಮಾನ ಆಚೆ ಬದಿಯ ಬೇಲಿ ಹಾರಿ ರಸ್ತೆಗೆ ಇಳಿಯಿತು. ಅದೇ ಹೊತ್ತಿಗೆ ತಿರುವಿನಲ್ಲಿ ಹಾಲಿನ ಲಾರಿ ಬಂತು.

ಲಾರಿಯವನ ತಪ್ಪೇನೂ ಇಲ್ಲ. ಅವನು ಇಳಿದು ಚಕ್ರದ ಪಕ್ಕ ಕೂತುಬಿಟ್ಟಿದ್ದ. ಜಿಂಕೆಯ ಸೊಂಟ ಮುರಿದಿತ್ತು. ಮುಂಗಾಲೂರಿ ಏಳಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಹೆಡ್ಲಿ ಬೇಲಿ ದಾಟಿ ಬಂದಾಗಲೂ ಅದು ಅವನ ಕಡೆ ನೋಡಲಿಲ್ಲ. ಅವನ ಹಿಂದಿನ ಹೊಲವನ್ನೇ ನೋಡುತ್ತಿತ್ತು, ಅಲ್ಲೆಲ್ಲೋ ವೈರಿ ಇದ್ದಾನೆಂದು. ಕತ್ತು ಚಾಚಿ ಗುಟುರು ಹಾಕಲು ಹೋಯಿತು. ಬರೀ ಉಸಿರು ಬಂತು. ಕೊನೆಗೆ ಪಕ್ಕದ ಹೊಲದ ರೈತ ಬಂದೂಕು ತಂದು ಅದರ ನೋವು ಮುಗಿಸಿದ. ಹೆಡ್ಲಿ ನನ್ನ ತೋಳು ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಕ್ಯಾಮೆರಾದಲ್ಲಿ ಒಂದೇ ಫೋಟೋ ಇತ್ತು. ಬೇಲಿಯ ಮೇಲೆ ಹಾರಿದ ಯಜಮಾನ, ಕೊಂಬಿನಲ್ಲಿ ಸಿಕ್ಕ ಜರೀಗಿಡದ ಸೊಪ್ಪು, ಹರಿದ ಕಿವಿ, ಎಲ್ಲವೂ ಸ್ಪಷ್ಟ. ಅಂಥ ಫೋಟೋ ನಮ್ಮೂರಿನಲ್ಲಿ ಯಾರೂ ತೆಗೆದಿರಲಿಲ್ಲ.

ಮೆರಿಯಲ್ ಬಂದೂಕಿನ ಸದ್ದು ಕೇಳಿದ್ದಳು. ಹೆಡ್ಲಿಯ ಮುಖ ನೋಡಿದವಳು ಏನಾಯಿತೆಂದು ಕೇಳಲೇ ಇಲ್ಲ. ಅವನು ಕ್ಯಾಮೆರಾ ಮುಂದೆ ಹಿಡಿದಾಗ ಕಣ್ಣು ಮುಚ್ಚಿಕೊಂಡಳು.

"ಏನೋ ಬಾಯಿಗೆ ಬಂತು, ಅಂದೆ. ಅದಕ್ಕೆ ಹೀಗಾ? ದಿನಾ ಸಂಜೆ ಅವನ ಧ್ವನಿ ಕೇಳ್ತಿತ್ತಲ್ಲೋ. ನನಗೆ ಅದೇ ಸಾಕಾಗಿತ್ತು."

ಅಂದು ಸಂಜೆ ಗುಡ್ಡ ಮೌನವಾಗಿತ್ತು. ಕಾಯುವ ಗಂಡಿಲ್ಲದ ಹಿಂಡನ್ನು ಎಳೆಯ ಗಂಡುಗಳು ಬೆದರಿಸಿ ಆಚೆ ಕಣಿವೆಗೆ ಅಟ್ಟಿಕೊಂಡು ಹೋಗಿದ್ದವು. ಮೆರಿಯಲ್ ಕಿಟಕಿ ಮುಚ್ಚಲು ಬಿಡಲಿಲ್ಲ. ನಾನು ಅವಳ ಪಕ್ಕ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹಿತ್ತಿಲ ಕಡೆಯಿಂದ ಒಂದು ಗುಟುರು ಕೇಳಿಸಿತು. ಅವಳ ಸಂಕಟ ನೋಡಲಾರದೆ ಹೆಡ್ಲಿ ಕತ್ತಲಲ್ಲಿ ನಿಂತು ಕೂಗುತ್ತಿದ್ದ. ಒಂದು ಚೂರೂ ವ್ಯತ್ಯಾಸವಿಲ್ಲ, ಥೇಟ್ ಯಜಮಾನನದೇ.

ಮೆರಿಯಲ್ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಒಳಗೆ ಬಾ ಹೆಡ್ಲಿ. ನಿನ್ನ ಧ್ವನಿ ನನಗೆ ಗೊತ್ತಿಲ್ವಾ? ಥಂಡಿ ಇದೆ, ಬಾ."

ಅವನು ಬಂದು ಅವಳ ಕಾಲ ಬಳಿ ಕೂತ. "ಇನ್ಮೇಲೆ ಯಾವ ಜಿಂಕೆನೂ ಹತ್ತಿರ ಕರೆಯಲ್ಲ, ಮೆರಿಯಲ್" ಎಂದ. ಅವಳು ಅವನ ತಲೆ ಸವರಿದಳು. ಚಳಿಗಾಲ ಕಳೆಯುವುದರೊಳಗೆ ಅವಳು ತೀರಿಕೊಂಡಳು.

ಈಗ ಅಕ್ಟೋಬರ್ ಬಂದರೆ ಹೆಡ್ಲಿ ಮೇಲಿನ ರಸ್ತೆಯಲ್ಲಿ ನನ್ನ ಜೊತೆ ನಿಲ್ಲುತ್ತಾನೆ. ಕ್ಯಾಮೆರಾ ಹಿಡಿದು ಬಂದವರಿಗೆಲ್ಲ ತಾನೇ ಇದನ್ನು ಹೇಳುತ್ತಾನೆ. ಕೆಲವರು ಕೇಳುತ್ತಾರೆ, ಕೆಲವರು ನಕ್ಕು ಹೋಗುತ್ತಾರೆ.

ನೀವು ನಗಬೇಡಿ. ಬೆದೆಯ ಕಾಲದಲ್ಲಿ ಜಿಂಕೆಯ ಫೋಟೋ ಬೇಕೆಂದರೆ ಕಾರಿನಲ್ಲೇ ಕೂತು ತೆಗೆಯಿರಿ. ಗಂಡಿಗೂ ಅದರ ಹಿಂಡಿಗೂ ನಡುವೆ ಹೋಗಬೇಡಿ, ನಾಯಿಯನ್ನು ಬಿಡಬೇಡಿ, ಕೂಗಿ ಕರೆಯಲೇಬೇಡಿ. ಅದು ತಲೆಯೆತ್ತಿ ನಿಮ್ಮನ್ನೇ ನೋಡಿತೆಂದರೆ ನೀವು ಆಗಲೇ ಹತ್ತಿರ ಹೋಗಿದ್ದೀರಿ, ಮೆಲ್ಲಗೆ ಹಿಂದೆ ಸರಿಯಿರಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗಾಡಿ ನಿಧಾನ ಓಡಿಸಿ. ಫೋಟೋ ಸಿಗಲಿಲ್ಲವೇ? ಹಾಗೇ ಮನೆಗೆ ಹೋಗಿ. ಆ ಧ್ವನಿ ಕೇಳಲೆಂದು ಕಿಟಕಿ ತೆರೆದುಕೊಂಡು ಮಲಗಿರುವವರು ಈ ಕಣಿವೆಯಲ್ಲಿ ಇನ್ನೂ ಇದ್ದಾರೆ.