ಮಿಸ್ಸಮ್ಮನ ಅಂಗಳದ ಅತ್ತಿಕೊಂಬೆ

ವೀರನಹೊಸಹಳ್ಳಿಯ ಹೆಣ್ಣುಮಕ್ಕಳ ಸ್ಕೂಲಿನ ಮಿಸ್ಸಮ್ಮ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವಳು. ಹೆಸರು ಡೋರಾ ಪ್ರಿಚರ್ಡ್. ಅದನ್ನು ಹೇಳಲು ಹೋಗಿ ಅರ್ಧ ಊರಿನ ನಾಲಿಗೆ ಗಂಟು ಬಿದ್ದು, ಬಿಡಿಸಲು ಹುಣಸೂರಿನಿಂದ ನಾಟಿವೈದ್ಯ ಬರಬೇಕಾಯಿತು. ಅವಳ ಟೋಪಿಯೋ, ಅದರ ನೆರಳಲ್ಲಿ ಒಂದು ಜೊತೆ ಎತ್ತು ಮಲಗಿ ಮೆಲುಕು ಹಾಕಬಹುದಾಗಿತ್ತು.

ಇಂಥ ಮಿಸ್ಸಮ್ಮ ಆ ಡಿಸೆಂಬರಿನಲ್ಲಿ ಖಾಲಿ ಚಾಪೆಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಅವಳ ದೊಡ್ಡ ಹಬ್ಬದ ದಿನ ಮಕ್ಕಳ ತಲೆಗೆ ನೀರು ಚಿಮುಕಿಸಿ ಕುಲ ಕೆಡಿಸುತ್ತಾಳೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಪಟೇಲರ ಹೆಂಡತಿ ಸಿದ್ದಲಿಂಗಮ್ಮ ಮೊದಲು ಮಗಳು ಸೋಮಿಯನ್ನು ಸ್ಕೂಲು ಬಿಡಿಸಿದಳು. ಮಿಕ್ಕವರು ಕುರಿಗಳಂತೆ ಹಿಂದೆ ಹೋದರು. ಮಿಸ್ಸಮ್ಮ ಸ್ಲೇಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಒಂದು ತೀರ್ಮಾನಕ್ಕೆ ಬಂದಳು. ಕ್ರಿಸ್ಮಸ್ಸಿಗೆ ಊರನ್ನೆಲ್ಲ ಕರೆದು ನೋಡುವುದು. ಒಬ್ಬರೂ ಬರದಿದ್ದರೆ ಸ್ಕೂಲಿಗೆ ಬೀಗ ಹಾಕಿ ಮೈಸೂರಿನ ಗಾಡಿ ಹತ್ತುವುದು.

ಹಬ್ಬವೆಂದ ಮೇಲೆ ಮರ ಬೇಡವೇ? ಜವಾನ ಕರಿಯಯ್ಯನನ್ನು ಕರೆದು, ಮುನ್ಷಿ ಕಲಿಸಿದ ಕನ್ನಡದಲ್ಲಿ ಹೇಳಿದಳು: "ಕರಿಯಯ್ಯನವರೇ, ಹಸಿರಾದ ದೊಡ್ಡ ಕೊಂಬೆಯೊಂದನ್ನು ತಂದು ಬಾಗಿಲ ಮುಂದೆ ನೆಡಿರಿ. ನಾನು ಅದನ್ನು ಶೃಂಗರಿಸುವೆನು. ಬಳಿಕ ಊರವರನ್ನೆಲ್ಲ ಕರೆಯಿರಿ."

ಕರಿಯಯ್ಯ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟ. ಬಾಗಿಲ ಮುಂದೆ ಹಸಿ ಕೊಂಬೆ ನೆಟ್ಟು ಊರನ್ನು ಕರೆಯುವುದು ಆ ಸೀಮೆಯಲ್ಲಿ ಒಂದೇ ಕಾರ್ಯಕ್ಕೆ. ಮದುವೆ! ಹೆಣ್ಣಿನ ಸೋದರಮಾವ ಮಿಂದು, ಅತ್ತಿಕೊಂಬೆ ಕಡಿದು ತಂದು ಹಾಲುಗಂಬ ನೆಟ್ಟರೆ ಮದುವೆಯ ಚಪ್ಪರ ಎದ್ದ ಹಾಗೆಯೇ. ಗಂಡು ಯಾರೆಂದು ಮದುವಣಗಿತ್ತಿಯನ್ನೇ ಕೇಳಲಾದೀತೇ?

"ಪಾಪ, ಈ ತಾಯ್ಗೆ ಇಲ್ಲಿ ಸೋದರಮಾವ ಯಾರವ್ನೆ? ನಾನೇ ಆಯ್ತೀನಿ ಬುಡು" ಎಂದುಕೊಂಡು, ತಲೆಗೆ ನೀರು ಹಾಕಿಕೊಂಡು ಕೊಡಲಿ ಹಿಡಿದು ಹೊರಟ. ಸುದ್ದಿ ಅವನಿಗಿಂತ ಮುಂಚೆ ಊರು ಸುತ್ತಿತು. ಪಿರಿಯಾಪಟ್ಟಣ ಮುಟ್ಟುವ ಹೊತ್ತಿಗೆ ಗಂಡು ಕೊಡಗಿನ ಕಾಫಿತೋಟದ ದೊರೆಯಾಗಿ, ಅವನಿಗೊಂದು ಬಿಳಿ ಕುದುರೆಯೂ ಸಿಕ್ಕಿತ್ತು.

ಹಬ್ಬದ ಬೆಳಿಗ್ಗೆ ಮಿಸ್ಸಮ್ಮ ಅತ್ತಿಕೊಂಬೆಗೆ ಕಾಗದದ ನಕ್ಷತ್ರ ಕಟ್ಟಿ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಅಂಗಳಕ್ಕಿಳಿಯಿತು. ಬಂದದ್ದು ಒಂದು ಕೋಳಿ ಮಾತ್ರ. ಅದೂ ಒಮ್ಮೆ ಇಣುಕಿ ಹಿಂದಿರುಗಿತು. ಅವಳು ಕಣ್ಣೊರೆಸಿಕೊಂಡು, ಗಾಡಿ ಕಟ್ಟಿಸಲು ಹೇಳಬೇಕೆಂದು ಎದ್ದಳು.

ಆಗ ಕೇಳಿಸಿತು ತಮಟೆ! ಆ ಸದ್ದಿಗೆ ನಾಗರಹೊಳೆಯ ಆನೆಗಳೆಲ್ಲ ಹೆದರಿ ಕೊಡಗಿನ ಗಡಿ ದಾಟಿದವು. ತೆಂಗಿನಕಾಯಿ, ಬೆಲ್ಲ, ಅಕ್ಕಿ ಹೊತ್ತು ಇಡೀ ಊರು ಬರುತ್ತಿತ್ತು. ಜಗಳವಾಡಿದವರ ಮದುವೆಗೂ ಹೋಗದಿದ್ದರೆ ಏಳು ಊರು ಆಡಿಕೊಳ್ಳುತ್ತದಲ್ಲ! ಎಲ್ಲರ ಮುಂದೆ ಸಿದ್ದಲಿಂಗಮ್ಮ, ಕೈಯಲ್ಲಿ ಅರಿಶಿನದ ಬಟ್ಟಲು.

ಮಿಸ್ಸಮ್ಮ ಬಾಯಿ ತೆರೆಯುವಷ್ಟರಲ್ಲಿ ಎರಡು ಕೆನ್ನೆಗೂ ಅರಿಶಿನ ಬಿತ್ತು.

"ಗಂಡು ಎಲ್ರವ್ವಾ? ಕುದ್ರೆ ಇನ್ನೂ ಬರ್ಲಿಲ್ವಾ?"

"ಯಾವ ಗಂಡು? ಇಂದು ಮದುವೆಯಲ್ಲ. ಇಂದು ಒಂದು ಮಗು ಹುಟ್ಟಿದ ದಿನ!"

ತಮಟೆ ಗಪ್ಪೆಂದಿತು. ಹೆಂಗಸರ ಕಣ್ಣುಗಳೆಲ್ಲ ಒಟ್ಟಿಗೆ ಮಿಸ್ಸಮ್ಮನ ಹೊಟ್ಟೆಯ ಮೇಲೆ ಇಳಿದವು.

"ನನ್ನದಲ್ಲ!" ಎಂದು ಅವಳು ಕಿರುಚಿದಳು. "ನಮ್ಮ ಸ್ವಾಮಿ! ಬಹಳ ಹಿಂದೆ, ದನದ ಕೊಟ್ಟಿಗೆಯಲ್ಲಿ ಹುಟ್ಟಿದನು."

"ಕೊಟ್ಗೇಲಾ?" ಸಿದ್ದಲಿಂಗಮ್ಮ ಗಲ್ಲಕ್ಕೆ ಕೈಯಿಟ್ಟಳು. "ನಮ್ ಸೋಮಿ ಹುಟ್ಟಿದ್ದೂ ಕೊಟ್ಗೇಲೇ ಕಣ್ರವ್ವಾ, ಕರಿ ಹಸ ನೋಡ್ತಾ ನಿಂತಿತ್ತು!" ಮರುಗಳಿಗೆಯಲ್ಲೇ ಅವಳ ಮುಖ ಬಿಗಿದುಕೊಂಡಿತು. "ದಿಟ ಹೇಳಿ. ನಮ್ ಮಕ್ಕಳ ತಲೆಗೆ ನೀರಾಕ್ತೀರಾ?"

ಮಿಸ್ಸಮ್ಮ ಅಡ್ಡಡ್ಡ ತಲೆಯಾಡಿಸಿದಳು. "ಹಾಕುವುದಿಲ್ಲ. ಅಕ್ಷರ, ಲೆಕ್ಕ, ಹೊಲಿಗೆ ಕಲಿಸುವೆನು. ಅಷ್ಟೇ."

"ಕರಿಯಣ್ಣಾ, ನಂಬಬೌದಾ?"

"ಅತ್ತಿಕೊಂಬೆ ನೆಟ್ಟ ಸೋದರಮಾವ ನಾನು" ಎಂದ ಕರಿಯಯ್ಯ ಎದೆಯುಬ್ಬಿಸಿ. "ನಮ್ ಮನೆ ಹೆಣ್ಣು ಸುಳ್ಳೇಳಾಕಿಲ್ಲ."

"ಸರಿ ಬುಡು" ಎಂದಳು ಸಿದ್ದಲಿಂಗಮ್ಮ. "ನೆಟ್ಟ ಕಂಬ ಕೀಳಬಾರ್ದು. ಮದ್ವೆ ಅಲ್ದಿದ್ರೆ ತೊಟ್ಲು ಶಾಸ್ತ್ರ ಮಾಡಾನ. ಲೇ, ತೊಟ್ಲು ತನ್ನಿ!"

ಚಪ್ಪರ ಎದ್ದಿತು, ತೊಟ್ಟಿಲು ತೂಗಿತು. ಮಗು ಇಲ್ಲದಿದ್ದರೇನು, ನಾಮಕರಣದಲ್ಲಿ ಮೊದಲು ಮಲಗುವುದು ಗುಂಡುಕಲ್ಲು ತಾನೇ? ಅದಕ್ಕೇ ಕುಲಾವಿ ಕಟ್ಟಿ, ದೃಷ್ಟಿಬೊಟ್ಟು ಇಟ್ಟು ಜೋಗುಳ ಹಾಡಿದರು. ಮೈಸೂರಿನ ದೊಡ್ಡ ಪಾದ್ರಿ ಕಂಡಿದ್ದರೆ ಮೂರು ದಿನ ಮೂರ್ಛೆ ಹೋಗುತ್ತಿದ್ದರು. ಮಿಸ್ಸಮ್ಮನಿಗೆ ಅವರ ನೆನಪು ಬಂದದ್ದು ನಿಜ. ಆದರೆ ತೊಟ್ಟಿಲ ಹಗ್ಗ ಕೈಗೆ ಸಿಕ್ಕಿದ ಮೇಲೆ ಅದೂ ಹೋಯಿತು. ತಿಂಗಳಿನಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಹೊರಬಿದ್ದು, ಕೊಂಬೆಯ ನಕ್ಷತ್ರಗಳು ಪಟಪಟನೆ ಅಲ್ಲಾಡಿದವು.

ಪಾಯಸ ಹೆಂಗಸರೇ ಬೇಯಿಸಿದರು. ಮಿಸ್ಸಮ್ಮನ ಕೇಕನ್ನು ಮರ್ಯಾದೆಯಿಂದ ಇಸಕೊಂಡು ಪಟೇಲರ ಎತ್ತಿಗೆ ಕೊಟ್ಟರು. ಅದು ಸಂಕ್ರಾಂತಿಯವರೆಗೂ ಅಗಿಯುತ್ತಲೇ ಇತ್ತು.

"ಸ್ಕೂಲ್ ಯಾವಾಗ್ಲಿಂದ ಅವ್ವಾ?" ಹೊರಡುವಾಗ ಸಿದ್ದಲಿಂಗಮ್ಮ ಕೇಳಿದಳು.

"ನಾಳೆ!" ಎಂದಳು ಮಿಸ್ಸಮ್ಮ, ರಜೆಯ ನೆನಪೇ ಇಲ್ಲದೆ.

ಅಷ್ಟರಲ್ಲಿ ಸೋಮಿ ಒಳಗೆ ನುಗ್ಗಿ, ಪೆಟ್ಟಿಗೆ ತೆಗೆದು, ತನ್ನ ಸ್ಲೇಟು ಹುಡುಕಿ, ಅದರ ಮೇಲೆ ತುಪ್ಪೆಂದು ಉಗುಳಿ ಅಂಗೈಯಿಂದ ಉಜ್ಜಿದಳು. ಉಗುಳಬಾರದೆಂದು ವರ್ಷವಿಡೀ ಕೂಗಿದ್ದ ಮಿಸ್ಸಮ್ಮ, ಅರಿಶಿನದ ಕೆನ್ನೆಯಲ್ಲಿ ನಗುತ್ತ, ಇನ್ನೂ ಸ್ವಲ್ಪ ಚೆನ್ನಾಗಿ ಉಜ್ಜು ಎಂದಳು.