ಕನ್ನಡಿಯ ಹಿಂದಿನ ಕೋಣೆ

ದೇವರು ಮನುಷ್ಯನಿಗೆ ಎರಡು ಕಣ್ಣು ಕೊಟ್ಟು, ಇಷ್ಟು ಸಾಕು ಎಂದು ಸುಮ್ಮನಾದ. ರಸ್ತೆ ಅಗಲ ಮಾಡುವ ಕಚೇರಿಗೆ ಅದು ಸಾಲಲಿಲ್ಲ. ಬೀದಿಯ ಮೂವತ್ತೊಂದು ಅಂಗಡಿಗಳನ್ನು ಕೆಡವುವ ಮೊದಲು ಒಂದೊಂದರ ಒಳಗನ್ನೂ ವಿಡಿಯೋ ತೆಗೆಯಬೇಕು, ಅದನ್ನು ಕಂಪ್ಯೂಟರಿನ ಹೊಟ್ಟೆಗೆ ಹಾಕಿದರೆ ಗೋಡೆ, ಮೂಲೆ, ಕಪಾಟು ಸಮೇತ ಇಡೀ ಅಂಗಡಿ ಪರದೆಯ ಮೇಲೆ ಎದ್ದು ನಿಲ್ಲುತ್ತದೆ, ಅಲ್ಲಿ ಬಂದ ಅಳತೆಯೇ ಅಳತೆ ಎಂದು ಅಪ್ಪಣೆಯಾಯಿತು. ನೂರೈವತ್ತು ಚದರ ಅಡಿಯ ಒಳಗಿದ್ದವರು ಬಡವರು. ಅವರಿಗೆ ಹೊಸ ಕಟ್ಟಡದಲ್ಲಿ ಮಳಿಗೆ. ಅದನ್ನು ಮೀರಿದವರು ಅನುಕೂಲಸ್ಥರು; ಅವರಿಗೆ ದೂರದಿಂದಲೇ ನಮಸ್ಕಾರ.

ಬೀದಿಯ ಕೊನೆಗೆ ಅಣ್ಣತಮ್ಮಂದಿರ ಕ್ಷೌರದಂಗಡಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಎರಡು ಕುರ್ಚಿ, ಕಾಯುವವರಿಗೊಂದು ಬೆಂಚು, ಒಂದು ಮೂಲೆಯಷ್ಟು ಬಿಟ್ಟು ಒಂದು ಗೋಡೆಯ ತುಂಬ ಕನ್ನಡಿ. ಈ ಒಂದು ಅಂಗಡಿಯ ಮೇಲೆ ಎರಡು ಸಂಸಾರ ನಡೆಯುತ್ತಿತ್ತು. ಮಳಿಗೆ ಸಿಗದಿದ್ದರೆ ಎರಡೂ ಒಟ್ಟಿಗೆ ಬೀದಿಪಾಲು. ಆದರೂ ಅಣ್ಣ ನೆಮ್ಮದಿಯಾಗಿದ್ದ. ನೂರಿಪ್ಪತ್ತು ಚದರ ಅಡಿಯನ್ನು ಯಾರು ಹೇಗೆ ಎಳೆದರೂ ಎಷ್ಟು ಉದ್ದವಾದೀತು?

ಅಣ್ಣ ದಿನಾ ದೇವರಿಗೆ ಕೈಮುಗಿದೇ ಕತ್ತರಿ ಹಿಡಿಯುವವನು, ಬಾಯಲ್ಲಿ ಸುಳ್ಳು ಬಾರದವನು. ಅವನಿಗೆ ಇದ್ದ ಜಂಬ ಒಂದೇ, ಆ ಕನ್ನಡಿ. ಇಪ್ಪತ್ತಾರು ವರ್ಷ ಅದರ ಮೇಲೆ ಒಂದು ಬೆರಳಚ್ಚೂ ನಿಲ್ಲಲು ಬಿಟ್ಟಿರಲಿಲ್ಲ.

ವಿಡಿಯೋ ತೆಗೆಯಲು ಬಂದ ಹೆಂಗಸನ್ನು ಬೀದಿಯವರೆಲ್ಲ ಕ್ಯಾಮೆರಾದಮ್ಮ ಎನ್ನುತ್ತಿದ್ದರು. ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ, ಉಸಿರು ಬಿಗಿಹಿಡಿದು ನಡೆಯುವುದು ಅವಳ ಕಸುಬು. ಗೋಡೆಯ ಕಲೆ, ಉದುರಿದ ಸುಣ್ಣ, ತುಕ್ಕು ಹಿಡಿದ ಮೊಳೆ ಕಂಡರೆ ಅವಳ ಮುಖ ಅರಳುತ್ತಿತ್ತು. ಅಂಥ ಗುರುತುಗಳನ್ನೇ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೊಂದಿಸಿ ಕಂಪ್ಯೂಟರು ದೂರ ಲೆಕ್ಕ ಹಾಕುವುದಂತೆ. ಕನ್ನಡಿ ಕಂಡದ್ದೇ ಅವಳ ಮುಖ ಬಾಡಿತು.

"ಅಣ್ಣಾವ್ರೇ, ಇದರ ಮೇಲೆ ಒಂದು ಬಟ್ಟೆ ಇಳಿಬಿಡಿ."

"ಯಾಕಮ್ಮ? ಅದೇನು ಪಾಪ ಮಾಡಿದೆ?"

"ಕಂಪ್ಯೂಟ್ರಿಗೆ ಕನ್ನಡಿ ಅರ್ಥ ಆಗಲ್ಲ. ಕಂಡಿದ್ದೆಲ್ಲ ನಿಜ ಅಂದ್ಕೊಳ್ಳುತ್ತೆ."

"ಕನ್ನಡಿ ಮುಚ್ಚಿರೋ ಕ್ಷೌರದಂಗಡಿ ಅಂದ್ರೆ ಏನಮ್ಮ ಅದು? ಸರ್ಕಾರದೋರು ನೋಡೋದು ಇದೊಂದೇ ಸಲ. ಚೆನ್ನಾಗೇ ನೋಡ್ಲಿ ಬಿಡಿ." ಹೀಗೆಂದು ಅಣ್ಣ ಕನ್ನಡಿಯನ್ನು ಇನ್ನೊಮ್ಮೆ ತಿಕ್ಕಿ ಫಳಫಳ ಮಾಡಿದ.

ಬೆಂಚಿನ ಮೇಲಿದ್ದ ತಮ್ಮ ನಕ್ಕ. "ಬಿಡಿ ಅಮ್ಮ, ಅತ್ತಿಗೆ ಮುಖಾನೂ ಇಷ್ಟು ಪ್ರೀತಿಯಿಂದ ನೋಡಿಲ್ಲ ಇವ್ನು."

ಕ್ಯಾಮೆರಾದಮ್ಮನಿಗೆ ಸಂಜೆಯೊಳಗೆ ಇನ್ನೂ ಎದುರು ಸಾಲಿನ ಹನ್ನೊಂದು ಅಂಗಡಿ ಬಾಕಿ. ವಾದ ಮಾಡುವುದಕ್ಕೆ ಕಚೇರಿ ಸಂಬಳ ಕೊಡುತ್ತಿರಲಿಲ್ಲ. ಅಡ್ಡಡ್ಡ ನಡೆದಳು, ಹೋದಳು.

ಹದಿನೈದು ದಿನಕ್ಕೆ ಕಾಗದ ಬಂತು. ಅಂಗಡಿಯ ವಿಸ್ತೀರ್ಣ ಇನ್ನೂರ ನಲವತ್ತು ಚದರ ಅಡಿ, ಮಳಿಗೆಗೆ ಅರ್ಹರಲ್ಲ.

ಅಣ್ಣತಮ್ಮಂದಿರು ಕಚೇರಿಗೆ ಓಡಿದರು. ಸಾಹೇಬರು ಪರದೆಯ ಮೇಲೆ ಅಂಗಡಿಯನ್ನು ಬೆರಳಿನಿಂದ ಬುಗುರಿಯಂತೆ ತಿರುಗಿಸಿ ತೋರಿಸಿದರು. ಗೋಡೆ ಇರಬೇಕಾದಲ್ಲಿ ಗೋಡೆ ಇಲ್ಲ. ಅದರಾಚೆ ಇನ್ನೊಂದು ಅಂಗಡಿ: ಅದೇ ಎರಡು ಕುರ್ಚಿ, ಅದೇ ಬೆಂಚು, ಬೆಂಚಿನ ಮೇಲೆ ಕರಗಿದ ಮೇಣದ ಹಾಗೆ ತಮ್ಮ.

"ಇವು ಯಾರ ಕುರ್ಚಿ?" ಎಂದರು ಸಾಹೇಬರು.

"ನಮ್ದೇ ಸ್ವಾಮಿ."

"ನೋಡಿ, ಒಪ್ಕೊಂಡ್ರಿ!"

"ಅಯ್ಯೋ, ಅದು ಕನ್ನಡಿ ಒಳಗೆ ಕಾಣೋದು ಸ್ವಾಮಿ!"

ಸಾಹೇಬರು ಅಂಗಡಿಯನ್ನು ಮೇಲೆ ಕೆಳಗೆ ಮಾಡಿ ನೋಡಿದರು. "ಕನ್ನಡಿ ಎಲ್ಲಿದೆ? ಇದ್ರಲ್ಲಿ ಕನ್ನಡೀನೇ ಇಲ್ಲವಲ್ರೀ."

"ನೀವೇ ಒಂದ್ಸಲ ಬಂದು ಟೇಪ್ ಹಿಡಿದುಬಿಡಿ."

"ಟೇಪ್ ಹಿಡಿಯೋ ಹುದ್ದೆ ರದ್ದಾಗಿ ವರ್ಷ ಆಯ್ತು."

"ಇನ್ನೊಂದ್ಸಲ ವಿಡಿಯೋ?"

"ಒಂದಂಗಡಿಗೆ ಒಂದೇ ಸಲ. ಗುತ್ತಿಗೆ ಮುಗೀತು."

"ಆ ಗೋಡೆ ಆಚೆ ಇರೋದು ಚರಂಡಿ, ಸ್ವಾಮಿ!" ಅಣ್ಣ ಹೆಚ್ಚುಕಡಿಮೆ ಅಳುವ ದನಿಯಲ್ಲಿ ಹೇಳಿದ.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಚರಂಡಿ ಮೇಲೆ ಕಟ್ಕೊಂಡಿದೀರಾ? ಅದು ಬೇರೆ ಕೇಸು."

ಅಷ್ಟರಲ್ಲಿ ತಮ್ಮ ಮುಂದೆ ಬಾಗಿದ. "ಸಾಹೇಬ್ರೇ, ಆ ಒಳಕೋಣೆ ನಾವು ಸರ್ಕಾರಕ್ಕೇ ಬಿಟ್ಟುಕೊಟ್ರೆ?"

ಸಾಹೇಬರ ಮುಖದಲ್ಲಿ ಬೆಳಕು ಹರಿಯಿತು. ಇನ್ನೂರ ನಲವತ್ತರಲ್ಲಿ ನೂರಿಪ್ಪತ್ತು ಕಳೆದರು. ಸ್ವಂತ ಇಚ್ಛೆಯಿಂದ ಜಾಗ ಬಿಟ್ಟುಕೊಡುವ ಪುಣ್ಯವಂತರಿಗೆಂದೇ ಒಂದು ನಮೂನೆ ಇತ್ತು. ಈವರೆಗೆ ಒಬ್ಬರೂ ತುಂಬಿರಲಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ನಮೂನೆ ಹಿಡಿದು ಅಣ್ಣ ಕುಳಿತುಬಿಟ್ಟ. "ಇಲ್ಲದ ಕೋಣೆಗೆ ರುಜು ಹಾಕೋದಾ? ದೇವರು ಮೆಚ್ತಾನೇನೋ?"

"ಇದೆ ಅಂತ ನೀನೆಲ್ಲಿ ಹೇಳ್ತೀಯ? ಬಿಟ್ಟೆ ಅಂತೀಯ, ಅಷ್ಟೇ. ಇಲ್ಲದ್ದನ್ನ ಬಿಡೋದ್ರಲ್ಲಿ ಏನು ಸುಳ್ಳು? ಸನ್ಯಾಸಿಗಳೂ ಅದನ್ನೇ ಅಲ್ವಾ ಮಾಡೋದು?"

"ಬಾಯಿ ಮುಚ್ಚು."

ಆದರೆ ಅಣ್ಣನ ಮನಸ್ಸು ಬೇರೆಲ್ಲೋ ಇತ್ತು. ಆಯಮ್ಮ ಹೇಳಿದ್ದಳು, ಒಂದು ಬಟ್ಟೆ ಹಾಕಿ ಎಂದು. ಒಂದು ಗಳಿಗೆ ಮುಚ್ಚಿದ್ದರೆ ಕನ್ನಡಿಯ ಗಂಟು ಏನು ಹೋಗುತ್ತಿತ್ತು? ಈ ಕೋಣೆಯನ್ನು ಕಂಪ್ಯೂಟರು ಕಟ್ಟಿದ್ದಲ್ಲ, ಸರ್ಕಾರ ಕಟ್ಟಿದ್ದಲ್ಲ, ತನ್ನ ಜಂಬವೇ ತಿಕ್ಕಿ ತಿಕ್ಕಿ ಕಟ್ಟಿದ್ದು. ಹಾಗಿದ್ದ ಮೇಲೆ ಅದು ತನ್ನದೇ. ತನ್ನದನ್ನು ಬಿಟ್ಟುಕೊಡಬಹುದು. ಕಣ್ಣು ಮುಚ್ಚಿ ದೇವರನ್ನು ನೆನೆದು ರುಜು ಹಾಕಿದ.

ಮರುವಾರ ಸಾಹೇಬರು ಕೋಣೆಯನ್ನು ವಶಕ್ಕೆ ತೆಗೆದುಕೊಳ್ಳಲು ಮೊಹರು, ಅಂಟು, ಕಾಗದದ ಪಟ್ಟಿ ಸಮೇತ ಬಂದರು. ಕನ್ನಡಿಯ ಮುಂದೆ ನಿಂತರು. ಮುಟ್ಟಿ ನೋಡಿದರು. ಒಂದು ಕ್ಷಣ ಅವರ ಕಣ್ಣಲ್ಲಿ ಏನೋ ಹೊಳೆದ ಹಾಗಾಯಿತು. ಹೊಳೆದದ್ದನ್ನು ಬರೆಯಲು ಕಡತದಲ್ಲಿ ಜಾಗವಿರಲಿಲ್ಲ. ಪಟ್ಟಿಗೆ ಅಂಟು ಹಚ್ಚಿದರು.

"ಒಂದ್ನಿಮಿಷ ಸಾಹೇಬ್ರೇ," ಎಂದ ತಮ್ಮ ಗಂಭೀರವಾಗಿ. "ಒಳಗೆ ತಾವೇ ಇದ್ದೀರಿ. ಹೊರಗೆ ಬಂದ್ಮೇಲೆ ಸೀಲ್ ಮಾಡೋದು ಒಳ್ಳೇದು."

ಸಾಹೇಬರು ಕನ್ನಡಿ ನೋಡಿದರು, ತಮ್ಮನನ್ನು ನೋಡಿದರು, ಕೈಯಲ್ಲಿದ್ದ ನಮೂನೆ ನೋಡಿದರು. ಬಿಟ್ಟುಕೊಡುವ ವೇಳೆ ಒಳಗೆ ಯಾರೂ ಇರತಕ್ಕದ್ದಲ್ಲ ಎಂದು ಅದರಲ್ಲೇ ಅಚ್ಚಾಗಿತ್ತು. ಎರಡು ಹೆಜ್ಜೆ ಪಕ್ಕಕ್ಕೆ, ಕನ್ನಡಿ ಮುಗಿಯುವ ಮೂಲೆಗೆ ಸರಿದರು. ಅಲ್ಲಿಂದಲೇ ಕೈ ಚಾಚಿ, ಇಪ್ಪತ್ತಾರು ವರ್ಷದ ಹೊಳಪಿನ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಪಟ್ಟಿ ಅಂಟಿಸಿ ಮೊಹರು ಒತ್ತಿದರು. ಅಂಟು ಜಿನುಗಿ ಕೆಳಗಿಳಿಯಿತು. ಅಣ್ಣನ ಕೈ ತಾನಾಗಿಯೇ ಹೆಗಲ ಮೇಲಿನ ಬಟ್ಟೆಗೆ ಹೋಯಿತು, ಅಲ್ಲಿಯೇ ನಿಂತಿತು.

"ಒಳಗೆ ಯಾರೂ ಇಲ್ಲ ಅಂತ ನಿಮ್ಮ ಕೈಯಿಂದ ಒಂದು ಸಾಲು ಬರೀರಿ. ಮಳಿಗೆ ಪತ್ರ ಕೊಟ್ಬಿಡ್ತೀನಿ," ಎಂದರು ಸಾಹೇಬರು.

ಅಣ್ಣ ಪೆನ್ನು ಹಿಡಿದು ಕನ್ನಡಿಗೆ ಕಣ್ಣು ಹಾಯಿಸಿದ. ಪಟ್ಟಿಗಳ ಹಿಂದೆ, ಪೆನ್ನು ಹಿಡಿದ ಒಬ್ಬ ಮುದುಕ ಇವನನ್ನೇ ನೋಡುತ್ತಿದ್ದ. ಸುಳ್ಳು ಬರೆಯಲು ಕೈ ಬರಲಿಲ್ಲ. ಅಣ್ಣ ಮೆಲ್ಲಗೆ ಪಕ್ಕಕ್ಕೆ ಸರಿದು ಸಾಹೇಬರ ಪಕ್ಕ ಆ ಮೂಲೆಯ ಗೋಡೆಗೊರಗಿ ನಿಂತ, ತಮ್ಮನನ್ನೂ ತೋಳು ಹಿಡಿದು ಈಚೆಗೆ ಎಳೆದುಕೊಂಡ. ಕತ್ತು ಚಾಚಿ ಇನ್ನೊಮ್ಮೆ ಪರೀಕ್ಷಿಸಿದ. ಎರಡು ಖಾಲಿ ಕುರ್ಚಿ, ಒಂದು ಖಾಲಿ ಬೆಂಚು.

"ನಾನು ನಿಂತ ಜಾಗದಿಂದ ನೋಡಿದ ಹಾಗೆ, ಒಳಗೆ ಯಾರೂ ಇಲ್ಲ," ಎಂದು ಬರೆದು, ಪತ್ರಕ್ಕೆ ಕೈ ನೀಡಿದ.