ಬಿಳಿ ಇಸಕ್ಕಿ

ಪೋಸ್ಟರಿನ ಬೆನ್ನಿಗೆ ಮೈದಾ ಅಂಟು ಬಳಿದು, ಕನಕವೇಲು ಅದನ್ನು ಕೋವಿಲ್‌ಪಟ್ಟಿ ಬಸ್‌ಸ್ಟ್ಯಾಂಡಿನ ಗೋಡೆಗೆ ಒತ್ತಿದ. ಸತ್ತ ಇಸಕ್ಕಿಮುತ್ತುವಿನ ಮುಖ ಬೆಣ್ಣೆಯ ಹಾಗೆ ಹೊಳೆಯಿತು. ಬದುಕಿದ್ದಾಗ ತಾಳೆಮರದ ಬುಡದಂಥ ಕರಿಯ ಆತ. ಊರಲ್ಲಿ ಯಾರೇ ಸತ್ತರೂ ಕಣ್ಣೀರ ಅಂಜಲಿ ಪೋಸ್ಟರಿನಲ್ಲಿ ಬೆಳ್ಳಗಾಗುತ್ತಾರೆ, ಆದರೆ ಇಷ್ಟು ನಯವಾಗಿ ಯಾರೂ ಆಗಿರಲಿಲ್ಲ. ಕೆಳಮೂಲೆಯಲ್ಲಿ ಕನಕವೇಲುವಿನ ಅಂಗಡಿಯ ಹೆಸರು ದಪ್ಪಕ್ಷರದಲ್ಲಿತ್ತು.

"ಈಗ ನೋಡಲಿ ಊರು," ಅಂದುಕೊಂಡ.

*

ಮೊದಲು ಇಸಕ್ಕಿ, ಕನಕವೇಲು ಇಬ್ಬರೂ ಒಂದೇ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಒಮ್ಮೆ ಮದುಮಗಳ ಕೆಂಪು ಸೀರೆಯನ್ನು ಹಸಿರು ಮಾಡಿಕೊಡಿ ಎಂದು ಗಂಡಿನ ಕಡೆಯವರು ಬಂದರು. ಕನಕವೇಲು ಕಂಪ್ಯೂಟರಿನಲ್ಲಿ ಕೆಂಪನ್ನು ಹಿಡಿದು ಹಸಿರಿಗೆ ತಿರುಗಿಸಿದ. ಸೀರೆಯ ಜೊತೆ ತುಟಿಯೂ ಕುಂಕುಮವೂ ಹಸಿರಾದವು. ನೋಡದೆಯೇ ಪ್ರಿಂಟು ಹಾಕಿಬಿಟ್ಟ.

"ಇದೇನಪ್ಪಾ, ಹೆಣ್ಣನ್ನ ಗಿಣಿ ಮಾಡಿದೀಯಾ!" ಗಂಡಿನ ತಾಯಿ ಹಾರಾಡಿದಳು.

ಇಸಕ್ಕಿ ಪಕ್ಕಕ್ಕೆ ಕೂತು, ಸೀರೆಯ ಕೆಂಪು ಎಲ್ಲಿ ಮುಗಿಯುತ್ತದೆ, ತುಟಿಯ ಕೆಂಪು ಎಲ್ಲಿ ಶುರುವಾಗುತ್ತದೆ ಎಂದು ನೋಡಿ, ಕಂಪ್ಯೂಟರು ಹಿಡಿಯುವ ಬಣ್ಣದ ಹಿಡಿತವನ್ನು ಕಿರಿದು ಮಾಡಿದ. ಸೀರೆ ಮಾತ್ರ ಹಸಿರಾಯಿತು. "ಮುಖ ನೋಡ್ಕೊಂಡು ಬಣ್ಣ ಹಿಡಿ ತಂಬಿ," ಅಂದ, ನಗುತ್ತ.

ಆ ನಗು ಮುಳ್ಳಾಗಿ ಕೂತಿತು. ಕನಕವೇಲು ಬೇರೆ ಅಂಗಡಿ ಇಟ್ಟ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ಇಸಕ್ಕಿ ಅಣ್ಣಾಚ್ಚಿ ಮಾಡೋ ಹಾಗೆ ಮಾಡ್ತೀರಾ?"

*

ಉಳಿದ ಪೋಸ್ಟರುಗಳನ್ನೂ ಊರೆಲ್ಲ ಅಂಟಿಸಿ ಕನಕವೇಲು ಅಂಗಡಿಗೆ ಮರಳಿ ಕೂರುವಷ್ಟರಲ್ಲಿ ಸತ್ತವನ ಮೈದುನ ಶೆಣ್ಬಗರಾಜ ಓಡಿಬಂದ.

"ಅಣ್ಣಾಚ್ಚಿ, ಏನು ಮಾಡಿಟ್ಟಿದೀರಿ? ಭಾವನ್ನ ಸಾಕಿದ ಪೇಚ್ಚಿಯಮ್ಮ ದೊಡ್ಡಮ್ಮ ಬಸ್ಸಿಳಿದು ನಿಮ್ಮ ಪೋಸ್ಟರ್ ಎದುರೇ ಕೂತ್ಬಿಟ್ಟಿದಾಳೆ. ಸತ್ತಿರೋನು ಯಾರೋ ಬಿಳಿಯ, ನನ್ನ ಹುಡುಗ ಬದುಕಿದಾನೆ ಅಂತಾಳೆ. ಎಬ್ಬಿಸಿದ್ರೆ ಹೊಡೆಯೋಕೆ ಬರ್ತಾಳೆ."

"ಹೊತ್ಕೊಂಡು ಹೋಗ್ರಯ್ಯಾ!"

"ನೀವೇ ಬಂದು ಹೊರಿ! ಅವಳು ಬರದೆ ಹೆಣ ಎತ್ತೋ ಹಾಗಿಲ್ಲ. ತಮಟೆಯೋರು ಎರಡು ಸಲ ಟೀ ಕುಡಿದ್ರು."

ಕನಕವೇಲು ಹಲ್ಲು ಕಡಿಯುತ್ತ ಮೂಲ ಫೋಟೋ ತೆರೆದ. ಟೀ ಅಂಗಡಿಯ ಹಸಿರು ಟಾರ್ಪಾಲಿನ ಕೆಳಗೆ ಇಸಕ್ಕಿ ನಗುತ್ತಿದ್ದ. ಟಾರ್ಪಾಲಿನ ಹಸಿರು ಕೆನ್ನೆಗೆ ಹೊಡೆದಿತ್ತು. ಆ ಹಸಿರನ್ನು ಹಿಡಿದು ತಗ್ಗಿಸಿದ. ಹಿಂದಿನ ಬೇವಿನೆಲೆಯೂ ಕಂದಿತು. ಬೈದುಕೊಂಡ. ಹಿಡಿತ ಕಿರಿದು ಮಾಡಿದ, ಇನ್ನೂ ಕಿರಿದು. ಬೇವು ಹಸಿರಾಗಿಯೇ ಉಳಿಯಿತು. ಕೆನ್ನೆಯ ಕಪ್ಪು ಎದ್ದು ಬಂತು, ಎಣ್ಣೆ ಸವರಿದ ಕಲ್ಲಿನ ಹಾಗೆ. ಇಷ್ಟು ಚೆನ್ನಾದ ಮುಖವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಅದೂ ಇವನದ್ದೇ ಆಗಬೇಕಿತ್ತೇ!

ಪ್ರಿಂಟು ತೆಗೆದು ಬಸ್‌ಸ್ಟ್ಯಾಂಡಿಗೆ ಹೋಗಿ ಹಳೆಯದರ ಮೇಲೆಯೇ ಹೊಸದನ್ನು ಅಂಟಿಸಿದ. ಪೇಚ್ಚಿಯಮ್ಮ ತಲೆಯೆತ್ತಿದಳು. ಎದ್ದು ಬಂದು ಕಾಗದದ ಕೆನ್ನೆಗೆ ಕೈಯಿಟ್ಟಳು. ಅಂಟು ಕೈಗೆ ಹತ್ತಿತು.

"ಯಪ್ಪಾ, ನನ್ನ ಕರಿಯಾ... ಹೋಗ್ಬಿಟ್ಯಾ?"

ಎದೆ ಹೊಡೆದುಕೊಂಡು ಅತ್ತಳು. ಶೆಣ್ಬಗರಾಜ ತೋಳು ಹಿಡಿದು ನಡೆಸುವಾಗ ಹಿಂತಿರುಗಿ ಕನಕವೇಲುವನ್ನು ನೋಡಿದಳು.

"ಇದನ್ನ ಅವನೇ ಮಾಡಿಟ್ಟು ಹೋಗಿದ್ನಾ ತಂಬಿ? ಅವನ ಕೈಗಲ್ದೆ ಇನ್ಯಾರಿಗೆ ಬರುತ್ತೆ ಇದು!"

ಕನಕವೇಲು ಬಾಯಿ ತೆರೆದ. ಅಷ್ಟರಲ್ಲಿ ಸಾವಿನ ಮನೆಯ ಕಡೆಯಿಂದ ತಮಟೆ ಶುರುವಾಯಿತು.

ಪೋಸ್ಟರಿನ ಕೆಳಮೂಲೆ, ಅಂಗಡಿಯ ಹೆಸರಿದ್ದ ಕಡೆ, ಗಾಳಿಗೆ ಎದ್ದು ಪಟಪಟ ಬಡಿಯುತ್ತಿತ್ತು. ಅವನು ಅಂಗೈಯಿಂದ ಅದನ್ನು ಅದುಮಿ ಹಿಡಿದ. ಅಂಟು ಒಣಗಿದ ಮೇಲೂ ಕೈ ತೆಗೆಯಲಿಲ್ಲ.